ಅಪ್ಪನ ಲಾರಿಗೆ ಸೈಡ್ ಹೇಳುವ ಕೆಲಸ

ಬ್ಲಾಗ್ ಬಳಗದ ಮಹಾಜನಗಳೇ, ಇಂದಿನ ಉಪನ್ಯಾಸ 'ಸೈಡ್' ಎಂಬ ಪದದ ಕುರಿತು. ಬಸ್ಸಿನಲ್ಲಿ ಅದು ಕಿಟಕಿಯ ಸೀಟು, ಮದುವೆಯಲ್ಲಿ ಗಂಡಿನ ಕಡೆಯವರ ಗತ್ತು. ಆದರೆ ಇವತ್ತು ಪಕ್ಕದ ಮನೆಯ ಕಾರು ಹಾಡು ಹೇಳುತ್ತಾ ಹಿಂದಕ್ಕೆ ಸರಿದಾಗ ನನಗೆ ಅಪ್ಪನ ಲಾರಿ ನೆನಪಾಯಿತು.

ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರ್ಕೆಟ್ಟಿನ ಇಕ್ಕಟ್ಟು ಗಲ್ಲಿಯಲ್ಲಿ ಅಪ್ಪ ಲಾರಿ ರಿವರ್ಸ್ ತೆಗೆಯುವಾಗ, ತಂಗಿ ಕೆಳಗಿಳಿದು ಬಾಡಿ ತಟ್ಟುತ್ತಾ ಸೈಡ್ ಹೇಳುತ್ತಿದ್ದಳು.

"ಬರ್ಲಿ, ಬರ್ಲಿ... ಎಡಕ್ಕೆ ಮೋರಿ ಐತೆ, ಹೋಲ್ಡಾನ್!"

"ಇವತ್ತು ನಾನು ಹೇಳ್ತೀನಪ್ಪ," ಎಂದೆ ಒಮ್ಮೆ.

"ನೀನು ಓದ್ಕೊಳ್ಳಪ್ಪ. ನಿನ್ನ ನಂಬಿದ್ರೆ ಮೋರೀಲೇ ನಮ್ಮ ಸವಾರಿ!" ಅಪ್ಪ ನಕ್ಕರು. ತಂಗಿ ಇನ್ನೂ ಜೋರಾಗಿ ನಕ್ಕಳು.

ಓದಿದೆ, ಪದವಿ ಪಡೆದೆ. ಈ ಪದದ ಪಾಂಡಿತ್ಯವೆಲ್ಲ ಬರೀ ನೆಪ. ಅಪ್ಪ ಒಂದೇ ಒಂದು ಸಲ ನನ್ನ ದನಿ ನಂಬಿ ಲಾರಿಯನ್ನು ಹಿಂದಕ್ಕೆ ಬಿಟ್ಟಿದ್ದರೆ ಸಾಕಿತ್ತು. ತಂಗಿಯ ಮೇಲೆ ನನಗೆ ಈಗಲೂ ಹೊಟ್ಟೆಕಿಚ್ಚು.