ದಾರ ಕಟ್ಟುವ ಮೇಸ್ತ್ರಿ

ಜನರೇಟರ್ ಮನೆಗೆ ಬಂದ ದಿನ ಮೈದುನನ ಕಾಲು ನೆಲದ ಮೇಲಿರಲಿಲ್ಲ. ಯಾವುದೋ ಅಂಗಡಿಯಲ್ಲಿ ಎರಡು ವರ್ಷ ದುಡಿದು ಬಂದ ಡೀಸೆಲ್ ಯಂತ್ರ, ನಾಲ್ಕು ಜನ ಹಿಡಿದರೂ ಸೊಂಟ ಹಿಡಿದುಕೊಳ್ಳುವಷ್ಟು ಭಾರ. ಸಂಜೆಯೊಳಗೆ ಓಡಿಸಿ ತೋರಿಸುತ್ತೇನೆಂದು ಅವನು ಎರಡೂ ತುದಿಗೆ ಪ್ಲಗ್ ಕೂರಿಸಿದ ಒಂದು ವೈರನ್ನು ತಯಾರು ಮಾಡಿಟ್ಟಿದ್ದ. ಒಂದು ತುದಿ ಜನರೇಟರಿಗೆ, ಇನ್ನೊಂದು ಅಡುಗೆಮನೆಯ ಗೋಡೆಯ ಸಾಕೆಟ್ಟಿಗೆ. ಅಷ್ಟೇ, ಮನೆಯಿಡೀ ಕರೆಂಟು ಅಂದ. ಸೊಸೆಗೆ ಅದು ತೀರ ಸುಲಭವೆನಿಸಿತು. ಅಷ್ಟು ಸುಲಭವಾಗಿದ್ದರೆ ಜನ ಮೇಸ್ತ್ರಿಗಳನ್ನು ಯಾಕೆ ಕರೆಸುತ್ತಾರೆ ಅಂತಲೂ ಅನಿಸಿತು.

ಅವಳ ಚಿಂತೆ ದೀಪದ್ದಲ್ಲ, ಅತ್ತೆಯದು. ಅತ್ತೆಯ ಶ್ವಾಸಕೋಶ ಸೋತು ವರ್ಷವಾಗಿತ್ತು. ಮಂಚದ ಪಕ್ಕದಲ್ಲಿ ಆಮ್ಲಜನಕದ ಮಷೀನು ಹಗಲೂ ರಾತ್ರಿ ಗುಂಯ್‌ಗುಡುತ್ತಿರಬೇಕು. ಬರುವ ಗುರುವಾರ ಬೀದಿಯ ತಂತಿ ಬದಲಿಸುತ್ತಾರೆ, ಬೆಳಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ ಕರೆಂಟಿಲ್ಲ ಎಂದು ನೋಟೀಸು ಬಂದಿತ್ತು. ಮನೆಯಲ್ಲಿದ್ದ ಸಣ್ಣ ಸಿಲಿಂಡರ್ ಎರಡು ಗಂಟೆ ಬಂದರೆ ಹೆಚ್ಚು. ಉಳಿದ ಆರು ಗಂಟೆ ಆ ಯಂತ್ರವನ್ನೇ ನಂಬಬೇಕು. ಅವಳು ಮಗುವನ್ನು ಕಂಕುಳಲ್ಲಿಟ್ಟುಕೊಂಡು ಹೋಗಿ, ಹಿಂದಿನ ಬೀದಿಯಲ್ಲಿದ್ದ, ಕರೆಂಟಿನ ಕೆಲಸ ಮಾಡುವ, ಜನ ದಾರದ ಮೇಸ್ತ್ರಿ ಎಂದು ಕರೆಯುತ್ತಿದ್ದವರನ್ನು ಕರೆದುಕೊಂಡು ಬಂದಳು.

ಐವತ್ತು ದಾಟಿದ, ಕಡ್ಡಿಯಂಥ ಮನುಷ್ಯ. ಬೇರೆಯವರು ಪೆನ್ನು ಸಿಕ್ಕಿಸುವ ಜೇಬಿನಲ್ಲಿ ಅವರಿಗೆ ಬಿಳಿ ದಾರದ ಉಂಡೆ. ಬಂದವರು ಯಂತ್ರವನ್ನು ನೋಡುವುದಕ್ಕೂ ಮೊದಲು ಎರಡು ಪ್ಲಗ್ಗಿನ ಆ ವೈರನ್ನು ಎತ್ತಿಕೊಂಡು, ನಟ್ಟನಡುವೆ ಕತ್ತರಿಸಿ, ಎರಡು ತುಂಡನ್ನೂ ಮೈದುನನ ಕೈಗೆ ಕೊಟ್ಟರು.

"ಬೇಜಾರು ಮಾಡ್ಕೋಬೇಡಿ," ಅಂದರು. "ಇದು ಇಡಿಯಾಗಿದ್ರೆ ನನಗೆ ಅನ್ನ ಸೇರಲ್ಲ."

ಮೈದುನನ ಮುಖ ಗಂಟಾಯಿತು. ಆಮೇಲೆ ಅವರು ಹೇಳಿದ್ದನ್ನು ಕೇಳಿ ಬಿಚ್ಚಿಕೊಂಡಿತು. ಮೇಸ್ತ್ರಿ ಹನ್ನೊಂದು ವರ್ಷ ಲೈನ್‌ಮನ್ ಆಗಿದ್ದವರು. ಒಂದು ದಿನ ಲೈನು ಬಂದ್ ಮಾಡಿಸಿ ಜೊತೆಗಾರ ಕಂಬ ಹತ್ತಿದ್ದಾನೆ. ಅದೇ ಹೊತ್ತಿಗೆ ಬೀದಿಯ ಕೊನೆಯ ಮನೆಯಲ್ಲಿ ಯಾರೋ ಇಂಥದೇ ವೈರು ಚುಚ್ಚಿ ಜನರೇಟರ್ ಓಡಿಸಿದ್ದಾರೆ. ಮನೆಯ ಕರೆಂಟು ಮೀಟರು ದಾಟಿ ಹಿಂದಕ್ಕೆ ಹರಿದು ಕಂಬಕ್ಕೇರಿದೆ. ಜೊತೆಗಾರ ಬದುಕಿದ, ಆದರೆ ಅವನ ಬಲಗೈ ಮತ್ತೆ ಚಮಚ ಹಿಡಿಯಲಿಲ್ಲ. ಇದನ್ನು ಮೇಸ್ತ್ರಿ ಒಂದೇ ಸಲ, ದನಿ ಏರಿಸದೆ ಹೇಳಿದರು. ಗುರುವಾರ ಇದೇ ಬೀದಿಯ ಕಂಬಗಳ ಮೇಲೆ ಜನ ಇರುತ್ತಾರೆ ಎಂಬುದನ್ನು ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

ಮೀಟರಿನ ಪಕ್ಕದಲ್ಲಿ ಒಂದು ಕಬ್ಬಿಣದ ಪೆಟ್ಟಿಗೆ ಬಂತು. ಅದರ ಹಿಡಿ ಮೇಲಿದ್ದರೆ ಬೀದಿಯ ಕರೆಂಟು, ಕೆಳಗಿದ್ದರೆ ಜನರೇಟರಿನದು, ನಡುವೆ ಇದ್ದರೆ ಎರಡೂ ಇಲ್ಲ. ತಿಪ್ಪರಲಾಗ ಹಾಕಿದರೂ ಎರಡೂ ಒಟ್ಟಿಗೆ ಸೇರುವುದಿಲ್ಲ. ಅರ್ಥಿಂಗಿಗೆ ಗುಂಡಿ ತೋಡಿ ಸರಳು ಇಳಿಸಿದರು. ಅತ್ತೆಯ ಮಷೀನು, ಫ್ರಿಜ್ಜು, ಫ್ಯಾನುಗಳು, ನಾಲ್ಕು ದೀಪ ಇಷ್ಟಕ್ಕೆ ಮಾತ್ರ ಬೇರೆ ಲೈನು ಎಳೆದರು. ಇಸ್ತ್ರಿಪೆಟ್ಟಿಗೆಯನ್ನೂ ಸೇರಿಸಿ ಎಂದು ಸೊಸೆಯ ಗಂಡ ಕೇಳಿದಾಗ, ಒಂದು ದಿನ ಸುಕ್ಕು ಅಂಗಿ ಹಾಕಿಕೊಂಡರೆ ಕೆಲಸದಿಂದ ತೆಗೀತಾರಾ ಅಂದರು.

"ಹಗಲು ಮನೇಲಿ ಯಾರಿರ್ತಾರೆ?" ಎಂದು ಅವರು ಕೇಳಿದ್ದು ಸೊಸೆಯನ್ನು.

"ನಾನು, ಅತ್ತೆ, ಮಗು."

"ಹಾಗಾದ್ರೆ ಕಲಿಯೋರು ನೀವಮ್ಮ. ಗುರುವಾರ ನಾನು ಯಾವುದನ್ನೂ ಮುಟ್ಟಲ್ಲ."

ಇನ್ನು ದಾರದ ವಿಷಯ. ಹಳೆಯದೊಂದು ಜ್ವರದಲ್ಲಿ ಮೇಸ್ತ್ರಿಗೆ ವಾಸನೆ ಹೋಗಿಬಿಟ್ಟಿತ್ತು. ಮಲ್ಲಿಗೆಯೂ ಒಂದೇ, ಮೋರಿಯೂ ಒಂದೇ. ಆದರೆ ಇಂಜಿನ್ನಿನ ಹೊಗೆಯಲ್ಲಿ ಕೊಲ್ಲುವಂಥದ್ದು ಮೂಗಿದ್ದವರಿಗೂ ತಿಳಿಯದ ಗಾಳಿ ಎನ್ನುತ್ತಿದ್ದರು. ಆದ್ದರಿಂದ ಯಂತ್ರಕ್ಕೆ ಜಾಗ ನೋಡುವ ಮೊದಲು ಪ್ರತಿ ಕಿಟಕಿಗೂ ಗೇಣುದ್ದದ ದಾರ ಕಟ್ಟಿ, ಗಾಳಿ ಮನೆಯೊಳಕ್ಕೆ ಬರುತ್ತದೋ ಹೊರಕ್ಕೆ ಹೋಗುತ್ತದೋ ಎಂದು ಮೂರು ದಿನ ನೋಡುತ್ತಿದ್ದರು.

"ನನ್ನ ಕಿಟಕೀಲಿ ಗಾಳಿಪಟ ಹಾರಿಸ್ತೀಯೇನಪ್ಪಾ?" ಎಂದು ಅತ್ತೆ ಮೂಗಿನ ನಳಿಗೆ ಸರಿಮಾಡಿಕೊಳ್ಳುತ್ತ ಕೇಳಿದರು.

"ಗಾಳಿ ಎತ್ಲಾಗೆ ಹೋಗುತ್ತೆ ಅಂತ ನೋಡ್ತೀನಿ, ದೊಡ್ಡಮ್ಮ."

"ಬಂದ್ರೆ ತಾನೆ ಹೋಗೋದು. ನನ್ನ ಹತ್ರ ಬರೋದೇ ಕಷ್ಟ."

ಅತ್ತೆಯ ಕಿಟಕಿಯ ದಾರ ಮೂರು ದಿನವೂ ಹೊರಕ್ಕೆ ವಾಲಿತು. ಹಿತ್ತಿಲ ಮೂಲೆ, ಅತ್ತೆಯ ಕಿಟಕಿಯಿಂದ ಇಪ್ಪತ್ತು ಅಡಿ ದೂರ, ಅಲ್ಲಿಗೇ ಎಂದು ತೀರ್ಮಾನವಾಯಿತು. ಕಾಂಕ್ರೀಟಿನ ಕಟ್ಟೆ ಎದ್ದಿತು. ಅಣ್ಣತಮ್ಮಂದಿರಿಬ್ಬರೂ ಎರಡು ದಿನ ರಜೆ ಹಾಕಿದರು, ಬುಧವಾರ ಬೆಳಗ್ಗೆ ಯಂತ್ರ ಅದರ ಮೇಲೆ ಕೂತಿತು.

ಅವತ್ತು ಮಧ್ಯಾಹ್ನ ಸೊಸೆ ಬಾಣಲೆಯಲ್ಲಿ ಏನೋ ಹುರಿಯುತ್ತಿದ್ದಳು. ಹೊಗೆಯೆದ್ದಿತೆಂದು ಅಡುಗೆಮನೆಯ ಗೋಡೆಯ ಫ್ಯಾನು ಹಾಕಿದಳು. ಮಗು ಅತ್ತಿತೆಂದು ಅತ್ತೆಯ ಕೋಣೆಗೆ ಓಡಿದವಳು ಕಿಟಕಿಯ ಮುಂದೆ ನಿಂತುಬಿಟ್ಟಳು. ದಾರ ಸರಳಿನ ನಡುವಿನಿಂದ ಒಳಕ್ಕೆ ನುಗ್ಗಿ ಅಡ್ಡಡ್ಡ ಚಾಚಿಕೊಂಡಿತ್ತು. ಹೇಳುವುದೋ ಬೇಡವೋ ಎಂದು ಒಂದು ಗಳಿಗೆ ಅನುಮಾನಿಸಿದಳು. ತಿಳಿದವರು ನೋಡಿ ಇಟ್ಟ ಜಾಗ, ತನ್ನದೇನು ಮಾತು? ಆದರೂ ಹಿತ್ತಿಲಿಗೆ ಹೋಗಿ ಹೇಳಿದಳು.

ಮೇಸ್ತ್ರಿ ಬಂದು ನೋಡಿದರು. ಫ್ಯಾನು ಆರಿಸಲು ಹೇಳಿದರು, ದಾರ ಬಿದ್ದಿತು. ಹಾಕಲು ಹೇಳಿದರು, ಎದ್ದಿತು. ಫ್ಯಾನು ಹೊರಗೆ ತಳ್ಳಿದಷ್ಟು ಗಾಳಿಯನ್ನು ಮನೆ ಆ ಕಿಟಕಿಯಿಂದ ಎಳೆದುಕೊಳ್ಳುತ್ತಿತ್ತು. ಕಾಂಪೌಂಡಿಗೂ ಗೋಡೆಗೂ ನಡುವಿನ ಸಂದಿ ಕೊಳವೆಯ ಹಾಗೆ ಹಿತ್ತಿಲ ಮೂಲೆಯ ಗಾಳಿಯನ್ನೇ ತರುತ್ತಿತ್ತು. ಅವರು ಹೊಸ್ತಿಲ ಮೇಲೆ ಕೂತರು.

ಊಟದ ಹೊತ್ತಿಗೆ ಯಾರ ಮನೆಯಲ್ಲೂ ಇರಬಾರದು, ಉಪಚಾರದ ಗೋಜಲು ಬೇಡ ಎಂಬುದು ಅವರ ಮೂವತ್ತು ವರ್ಷದ ಪಾಠ. ಒಲೆ ಹಚ್ಚುವ ಮೊದಲೇ ಎದ್ದು ಹೋಗಿ, ಪಾತ್ರೆ ತೊಳೆದ ಮೇಲೆ ಬರುತ್ತಿದ್ದರು. ಬುಧವಾರ ಮಾತ್ರ ಅವಸರವಿತ್ತೆಂದು ಉಳಿದಿದ್ದರು.

"ತಪ್ಪು ನಂದು," ಅಂದರು. "ಮೂರು ದಿನ ನೋಡಿದೆ. ಮೂರು ದಿನಾನೂ ಒಲೆ ಆರಿದ್ದಾಗ ನೋಡಿದೆ."

"ಆ ಫ್ಯಾನ್ ಹಾಕದೇ ಇದ್ರಾಯ್ತು ಬಿಡಿ. ಒಂದು ಚೀಟಿ ಅಂಟಿಸೋಣ," ಎಂದ ಮೈದುನ.

"ಚೀಟಿ ಓದ್ಕೊಂಡು ಯಾರೂ ಅಡುಗೆ ಮಾಡಲ್ಲ, ಸ್ವಾಮಿ. ನಿಮ್ಮ ಅತ್ತಿಗೆ ಒಂದು ದಿನ ಮರೀತಾರೆ. ಆ ಒಂದು ದಿನ ನಿಮ್ಮ ತಾಯಿ ಆ ಕೋಣೇಲೇ ಇರ್ತಾರೆ."

ಮೇಸ್ತ್ರಿ ಅಡುಗೆಮನೆಯ ಫ್ಯಾನು ಹಾಕಿಸಿ, ಹಳೇ ಡಬ್ಬಿಯಲ್ಲಿ ಒದ್ದೆ ಕಾಗದ ಸುಟ್ಟು, ಆ ಹೊಗೆಯನ್ನು ಹಿಡಿದುಕೊಂಡು ಮನೆಯ ಸುತ್ತ ತಿರುಗಿದರು. ಮುಂದಿನ ಅಂಗಳದಲ್ಲಿ ಸ್ಕೂಟರ್ ನಿಲ್ಲುವ ಮೂಲೆ ಎರಡು ಕಡೆ ಬಯಲು. ಹೊಗೆ ಅಲ್ಲಿಂದ ಬೀದಿಯ ಕಡೆಗೇ ಹೋಯಿತು. ಒಂದೇ ರಾತ್ರಿಯಲ್ಲಿ ಹೊಸ ಕಟ್ಟೆ ಗಟ್ಟಿಯಾಗುವುದಿಲ್ಲ. ಹಾಗಾಗಿ ಎರಡು ಚಪ್ಪಡಿ ಮಟ್ಟ ಮಾಡಿ ಕೂರಿಸಿದರು. ಯಂತ್ರದ ಕೆಳಗೆ ಕಬ್ಬಿಣದ ಪೈಪು ತೂರಿಸಿ, ಮೂವರೂ ಸೇರಿ ಇಂಚಿಂಚಾಗಿ ಉರುಳಿಸಿಕೊಂಡು ಬಂದರು. ಹಳೆಯ ಕೇಬಲ್ ಸಾಲಲಿಲ್ಲ. ತುಂಡು ಜೋಡಿಸಿ ಟೇಪು ಸುತ್ತಿದರಾಗದೇ ಎಂದು ಸೊಸೆಯ ಗಂಡ ಕೇಳಿದ. ನೆಲದಡಿ ಗಂಟು ಬೇಡವೆಂದು ಮೇಸ್ತ್ರಿ ಪೇಟೆಗೆ ಹೋಗಿ ಇಡೀ ಉದ್ದದ್ದು ತಂದರು. ಮನೆ ಮುಂದೆ ಹಿಟ್ಟಿನ ಗಿರಣಿ ಇಟ್ಟ ಹಾಗಿದೆ ಎಂದು ಗೊಣಗುತ್ತಲೇ ಮೈದುನ ಕೇಬಲ್ ಹೂಳುವ ಕಾಲುವೆಯ ಮುಕ್ಕಾಲು ಭಾಗ ತಾನೇ ಅಗೆದ. ದೀಪ ಹಚ್ಚುವ ಹೊತ್ತಿಗೆ ಮೇಸ್ತ್ರಿ ಹೇಳಿಕೊಟ್ಟಂತೆ ಸೊಸೆಯೇ ಹಚ್ಚಿದ ಯಂತ್ರ ಅರ್ಧ ಗಂಟೆ ಓಡಿತು, ಅಡುಗೆಮನೆಯ ಫ್ಯಾನೂ ತಿರುಗಿತು. ವಿಷಗಾಳಿ ಸೋಂಕಿದರೆ ಕೂಗುವ ಪುಟ್ಟ ಬಿಳಿ ಪೆಟ್ಟಿಗೆಯೊಂದನ್ನು ಅತ್ತೆಯ ಕೋಣೆಯಲ್ಲಿ ಇಟ್ಟಿದ್ದರು. ಅದು ತುಟಿ ಬಿಚ್ಚಲಿಲ್ಲ.

ಗುರುವಾರ ಒಂಬತ್ತಕ್ಕೆ ಕಾಲು ಗಂಟೆ ಇರುವಾಗ ಮೇಸ್ತ್ರಿ ಬಂದು, ಕೈ ಹಿಂದೆ ಕಟ್ಟಿಕೊಂಡು ಅಂಗಳದಲ್ಲಿ ನಿಂತರು. ಗಂಡ ಅತ್ತೆಯ ನಳಿಗೆಯನ್ನು ಸಿಲಿಂಡರಿಗೆ ಬದಲಿಸಿ, ಮಗುವನ್ನು ಎತ್ತಿಕೊಂಡ. ಒಂಬತ್ತಾಗಿ ಎರಡು ನಿಮಿಷಕ್ಕೆ ಫ್ರಿಜ್ಜು ಸುಮ್ಮನಾಯಿತು, ಅತ್ತೆಯ ಮಷೀನು ಕೀಂಯೆಂದಿತು. ಸೊಸೆ ಹಿಡಿಯನ್ನು ನಡುವಿಗೆ ತಂದಳು. ಹೊರಗೆ ಹೋಗಿ ಯಂತ್ರ ಹಚ್ಚಿದಳು. ಸದ್ದು ಒಂದೇ ಸಮ ಆಗುವವರೆಗೆ ಕಾದಳು. ವಾಪಸು ಬರುವಾಗ ಸರಿಯೇ ಎನ್ನುವಂತೆ ಮೇಸ್ತ್ರಿಯತ್ತ ನೋಡಿದರೆ, ಅವರು ಮೋಡ ಎಣಿಸುವವರ ಹಾಗೆ ಮೇಲೆ ನೋಡುತ್ತಿದ್ದರು. ಹಿಡಿಯನ್ನು ಕೆಳಕ್ಕೆ ಎಳೆದಳು. ಕೋಣೆಯಿಂದ ಗುಂಯ್ ಎಂಬ ಸದ್ದು ಬಂದಾಗ ಹೋಗಿ ಅತ್ತೆಯ ನಳಿಗೆಯನ್ನು ಮತ್ತೆ ಮಷೀನಿಗೆ ಸೇರಿಸಿದಳು.

ನಡುವೆ ಒಮ್ಮೆ ಡೀಸೆಲ್ ಹಾಕಬೇಕಾಯಿತು. ಯಂತ್ರ ಆರಿಸಿ, ತಣ್ಣಗಾಗುವವರೆಗೆ ಅತ್ತೆಯನ್ನು ಸಿಲಿಂಡರಿಗೆ ಬಿಟ್ಟು, ಅದನ್ನೂ ಅವಳೇ ಮಾಡಿದಳು. ಐದೂ ಹತ್ತಕ್ಕೆ ಕಂಬದಿಂದ ಜನ ಇಳಿದರು, ಬೀದಿಯ ಕರೆಂಟು ಬಂತು. ಅವಳು ಹಿಡಿಯನ್ನು ಮೇಲೇರಿಸಿದಳು.

ಮೇಸ್ತ್ರಿ ಚೀಲ ಹೆಗಲಿಗೇರಿಸಿಕೊಳ್ಳುವಾಗ ಅತ್ತೆ ಕೋಣೆಯ ಬಾಗಿಲಿಗೆ ಕರೆಸಿದರು.

"ನಿನ್ನ ಬೈಯೋಕೆ ಏನಾದ್ರೂ ಸಿಗುತ್ತೇನೋ ಅಂತ ಬೆಳಗ್ಗಿಂದ ಕಾದೆ ಕಣಪ್ಪಾ."

"ಸಿಕ್ತಾ, ದೊಡ್ಡಮ್ಮ?"

"ಎಲ್ಲಿ? ಮಧ್ಯಾಹ್ನ ನಿದ್ದೆ ಬಂದುಬಿಡ್ತು."