ಮೈ ಕೊಡವದ ಹುಂಜ

ಎಂಬತ್ತರ ದಶಕದ ಮಾತು. ಆಗಿನ್ನೂ ನಾನು ಹೊಸ ವಕೀಲ. ಗಲ್ಲು ಶಿಕ್ಷೆ ಆದ ಪ್ರತಿಯೊಬ್ಬನ ಮೇಲ್ಮನವಿಯನ್ನೂ ಸುಪ್ರೀಂ ಕೋರ್ಟು ಕಡ್ಡಾಯವಾಗಿ ವಿಚಾರಣೆ ಮಾಡಬೇಕು, ಅದಕ್ಕೆ ಕಾನೂನು ಬದಲಾಗಬೇಕು ಅಂತ ನಾವೊಂದಷ್ಟು ಜನ ಪೀಣ್ಯದ ಸುತ್ತಮುತ್ತ ಸಭೆ ಮಾಡುತ್ತಿದ್ದೆವು. ಲಗ್ಗೆರೆಯಲ್ಲಿ ಸಭೆಗೆ ಅಂಗಳ ಬಿಟ್ಟುಕೊಟ್ಟವರು, ಫ್ಯಾಕ್ಟರಿ ಕೆಲಸಗಾರರಿಗೆ ಮನೆ ಬಾಡಿಗೆಗೆ ಕೊಡುತ್ತಿದ್ದ ಒಬ್ಬ ಗೌಡರು. ನನ್ನ ಭಾಷಣ ಮುಗಿದದ್ದೇ, "ಊಟ ಮಾಡ್ಕಂಡೇ ಓಗ್ಬೇಕು ಸಾರ್. ಇವತ್ತು ಮನೆದೇವ್ರಿಗೆ ಕೋಳಿ ಕೊಯ್ತೀವಿ" ಅಂದರು.

ಹಿತ್ತಲಲ್ಲಿ ಹುಂಜದ ತಲೆಗೆ ನೀರು ಚಿಮುಕಿಸಿ ಎಲ್ಲರೂ ಸುಮ್ಮನೆ ನಿಂತರು. ಅದು ಮೈ ಕೊಡವಿದರೆ ದೇವರು ಒಪ್ಪಿದ ಹಾಗೆ, ಆಮೇಲೇ ಕತ್ತಿ. ಹುಂಜ ಅಲ್ಲಾಡಲಿಲ್ಲ. ಗೌಡರು ಇನ್ನೊಂದು ಸಲ ನೀರು ಹಾಕಿ, ಕೈಮುಗಿದು ಕಾದರು. ಒಳಗಿಂದ ಮಸಾಲೆ ಹುರಿಯುವ ಘಮ ಬರುತ್ತಿತ್ತು. ನನ್ನ ಹೊಟ್ಟೆ ತಾಳಲಿಲ್ಲ.

"ಎಷ್ಟು ಹೊತ್ತು ಅಂತ ಕಾಯೋದು ಗೌಡ್ರೇ? ಮುಗಿಸ್ಬಿಡಿ" ಅಂದೆ.

ಗೌಡರು ಚೊಂಬು ಹಿಡಿದುಕೊಂಡೇ ನನ್ನ ಕಡೆ ತಿರುಗಿದರು. "ಅಂಗಂದ್ರೆ ಎಂಗೆ ಸಾರ್? ಜೀವ ತೆಗೆಯೋ ವಿಸ್ಯದಲ್ಲಿ ಅವಸರ ಮಾಡ್ಬಾರ್ದು ಅಂತ ಈಗ್ತಾನೆ ಅಂದೋರು ನೀವೇ ಅಲ್ವಾ?"

ಹಿತ್ತಲೆಲ್ಲ ನಗು. ಮೂರನೇ ಸಲಕ್ಕೂ ಹುಂಜ ಜಪ್ಪಯ್ಯ ಅಂದರೂ ಮೈ ಕೊಡವಲಿಲ್ಲ. ಗೌಡರು ಅದರ ಕಾಲಿನ ದಾರ ಬಿಚ್ಚಿದರು. ನಮಗೆ ಮುದ್ದೆ, ಹುರುಳಿಕಾಳಿನ ಸಾರು. ಊಟಕ್ಕೆ ಕೂತಾಗ ಅಷ್ಟು ಜನರಲ್ಲಿ ಹುಂಜ ನನ್ನನ್ನೇ ಹುಡುಕಿಕೊಂಡು ಬಂದು ಕಾಲಿಗೆ ಕುಕ್ಕಿತು.

ಮರಣದಂಡನೆಯ ಮೇಲ್ಮನವಿಯೊಂದು ಗೆದ್ದದ್ದನ್ನು ನಾನು ಕಣ್ಣಾರೆ ಕಂಡಿದ್ದು ಅದೊಂದೇ ಸಲ. ಅದರಲ್ಲೂ ನಾನು ಎದುರು ಪಾರ್ಟಿಯ ವಕೀಲ.