ಏಲಂ ಎಷ್ಟು ಗಂಟೆಗೆ?

ಟೀವಿಯ ಆ ಬೋಧಕನ ದನಿ ಎಲ್ಲಾದರೂ ಕಿವಿಗೆ ಬಿದ್ದರೆ ನನಗೆ ಈಗಲೂ ಕುಳಿತಲ್ಲಿ ಕುಳಿತಿರಲು ಆಗುವುದಿಲ್ಲ. ಎದ್ದು ಹೋಗಿ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತೇನೆ. ಮಣಿಪಾಲದಲ್ಲಿ ನಾನಿರುವ ಬಾಡಿಗೆ ಮನೆಯ ಗೋಡೆ ತೆಳು. ಪಕ್ಕದವರು ಬೆಳಗಾದರೆ ಅದನ್ನೇ ಹಾಕುತ್ತಾರೆ. ಅವರಿಗೆ ಹೇಳಲು ನಾನು ಯಾರು? ಸ್ವಂತ ದೊಡ್ಡಮ್ಮನಿಗೇ ಹೇಳಿ ಸೋತವಳು.

ದೊಡ್ಡಮ್ಮ ಎಂದರೆ ನನ್ನ ಅಮ್ಮನ ಅಕ್ಕ. ಕಾಪುವಿನಲ್ಲಿ ನಮ್ಮ ಚರ್ಚಿನ ಹತ್ತಿರವೇ ಮನೆ. ಮದುವೆಯಾಗಲಿಲ್ಲ, ಹೊಲಿಗೆ ಮಿಷನ್ನನ್ನೇ ಕಟ್ಟಿಕೊಂಡೆ ಎಂದು ತಾವೇ ತಮಾಷೆ ಮಾಡುತ್ತಾರೆ. ಊರಿನ ಎಷ್ಟೋ ಮದುಮಗಳಂದಿರ ರವಿಕೆ ಅವರ ಕೈಯಲ್ಲೇ ಆದದ್ದು. ಕೆಲವು ವರ್ಷಗಳ ಹಿಂದೆ ಮಣಿಪಾಲದ ಕಣ್ಣಿನ ಡಾಕ್ಟರು ಅವರ ಕಣ್ಣಿನೊಳಗೆ ಒತ್ತಡ ಹೆಚ್ಚಾಗಿದೆ ಎಂದು ಹೇಳಿ, ದಿನವೂ ಹಾಕುವ ಹನಿ ಮದ್ದು ಬರೆದುಕೊಟ್ಟಿದ್ದರು. ಇದು ನೋವಿಲ್ಲದ ರೋಗ, ಮದ್ದು ಬಿಟ್ಟರೆ ದೃಷ್ಟಿ ಸದ್ದಿಲ್ಲದೆ ಹೋಗುತ್ತದೆ, ಹೋದದ್ದು ತಿರುಗಿ ಬರುವುದಿಲ್ಲ ಎಂದು ನನ್ನೆದುರೇ ಎಚ್ಚರಿಸಿದ್ದರು. ದೊಡ್ಡಮ್ಮ ತಲೆಯಾಡಿಸಿದ್ದರು.

ಆಮೇಲೆ ಮನೆಯೊಳಗೆ ಈ ಬೋಧಕ ಬಂದ. ಬಿಳಿ ಕೋಟು, ನಯವಾದ ಮಾತು. ತನ್ನದೆಂದು ಈ ಲೋಕದಲ್ಲಿ ಒಂದು ಕುರ್ಚಿಯೂ ಇಲ್ಲ ಎನ್ನುತ್ತಿದ್ದ, ಬಂಗಾರದ ಬಣ್ಣದ ಕುರ್ಚಿಯಲ್ಲಿ ಕುಳಿತು. ಪರದೆಯ ಕೆಳಗೆ ಖಾತೆ ಸಂಖ್ಯೆ ಓಡುತ್ತಲೇ ಇರುತ್ತಿತ್ತು. 'ಇದ್ದವರು ಕೊಡುವುದು ದಾನ, ಇಲ್ಲದವರು ಕೊಡುವುದು ಬಿತ್ತನೆ' ಎಂದು ಅವನು ಹೇಳಿದರೆ ದೊಡ್ಡಮ್ಮನ ಕಣ್ಣು ಒದ್ದೆಯಾಗುತ್ತಿತ್ತು. ಟೀವಿಯ ಮುಂದಿನ ಸ್ಟೂಲಿನ ಮೇಲೆ ಒಂದು ಬಾಟಲಿ ತೆಂಗಿನೆಣ್ಣೆ. ಅವನು ಪ್ರಾರ್ಥಿಸಿದ ಮೇಲೆ ಅದನ್ನು ಹಣೆಗೆ, ಕಣ್ಣಿನ ರೆಪ್ಪೆಗೆ ಸವರಿಕೊಳ್ಳುತ್ತಿದ್ದರು.

"ಟೀವಿಯ ಮುಂದೆ ಇಟ್ಟರೆ ಎಣ್ಣೆಗೆ ಎಂತ ಆಗುತ್ತದೆ ದೊಡ್ಡಮ್ಮ? ಸ್ವಲ್ಪ ಬಿಸಿ ಆಗಬಹುದು, ಅಷ್ಟೆ."

"ನಿನಗೆ ವಿಶ್ವಾಸ ಇಲ್ಲ, ನನಗೆ ಉಂಟು. ದುಡ್ಡು ನನ್ನದು, ಮಿಷನ್ನೂ ನನ್ನದು. ನಿನಗೆ ಎಂತ ನಷ್ಟ?"

ಹೀಗೆ ನಾನು ಬಾಗಿಲು ಬಡಿದು ಬಸ್ಸು ಹತ್ತಿದ ಭಾನುವಾರಗಳು ಬಹಳ. ಹೇಳುವುದು ವೇದ, ಹಾಕುವುದು ಗಾಳ ಎಂದು ದಾರಿಯುದ್ದಕ್ಕೂ ಬೈದುಕೊಳ್ಳುತ್ತಿದ್ದೆ. ಗಾಳ ಕಾಣುತ್ತಿತ್ತು, ಅದು ಎಲ್ಲಿ ಸಿಕ್ಕಿಕೊಂಡಿದೆ ಎಂಬುದು ಕಾಣುತ್ತಿರಲಿಲ್ಲ.

ಅಂಗಳದಲ್ಲಿ ದೊಡ್ಡಮ್ಮ ನೆಟ್ಟಿದ್ದ ಗಿಡ್ಡ ತಳಿಯ ತೆಂಗು ಕಳೆದ ವರ್ಷ ಮೊದಲ ಗೊನೆ ಬಿಟ್ಟಿತು. ನಮ್ಮವರಲ್ಲಿ ಮೊದಲ ಫಲ ಚರ್ಚಿನ ಬೆಳೆಹಬ್ಬಕ್ಕೆ. ಆ ದಿನ ಕುಂಬಳಕಾಯಿ, ಬಾಳೆಗೊನೆ, ಹುಂಜ, ಮನೆಯಲ್ಲಿ ಏನಾಯಿತೋ ಅದನ್ನೆಲ್ಲ ತರುತ್ತಾರೆ. ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಏಲಂ, ಅಂದರೆ ಹರಾಜು. ಮಾರುಕಟ್ಟೆಯಲ್ಲಿ ಯಾರೂ ಮುಟ್ಟದ ಸೊಟ್ಟ ಸೌತೆಕಾಯಿಗೂ ಹಟಕ್ಕೆ ಬಿದ್ದು ಬೆಲೆ ಏರಿಸುತ್ತಾರೆ. ಕೊಂಡವರು ಅದನ್ನು ಮತ್ತೆ ಏಲಕ್ಕೇ ಬಿಡುವುದೂ ಉಂಟು. ಯಾರ ಹಿತ್ತಲಿನದು, ಯಾರು ಕೊಂಡರು, ದುಡ್ಡು ಯಾವ ಡಬ್ಬಿಗೆ ಹೋಯಿತು, ಎಲ್ಲರ ಕಣ್ಣೆದುರೇ ಆಗುತ್ತದೆ.

ಆದರೆ ಆ ಗೊನೆಯನ್ನು ದೊಡ್ಡಮ್ಮ ಬೆಳೆಹಬ್ಬಕ್ಕೆ ಇಡಲಿಲ್ಲ. ಬೋಧಕ ಉಡುಪಿಗೆ ಬರುತ್ತಾನೆ, ಮೈದಾನದಲ್ಲಿ ಪ್ರಾರ್ಥನಾ ಕೂಟ ಎಂದು ಟೀವಿಯಲ್ಲಿ ಬಂದಿತ್ತು. ಕಾಯಿಗಳನ್ನು ತೊಳೆದು ಒರೆಸಿ ಚೀಲಕ್ಕೆ ತುಂಬಿದರು. ಒಬ್ಬರೇ ಹೊರುವುದು ಹೇಗೆಂದು ನಾನೂ ಹೋದೆ. ಬಸ್ಸಿನಲ್ಲಿ ಮುಖ ಊದಿಸಿಕೊಂಡು ಕುಳಿತಿದ್ದೆ.

ಮೈದಾನದ ಬಾಗಿಲಲ್ಲಿ ಸ್ವಯಂಸೇವಕರು ಕುತ್ತಿಗೆಗೆ ಕ್ಯೂಆರ್ ಕೋಡ್ ತೂಗುಹಾಕಿಕೊಂಡು ನಿಂತಿದ್ದರು. ದೊಡ್ಡಮ್ಮ ಅವರಲ್ಲಿ ಒಬ್ಬಳ ಮುಂದೆ ಚೀಲ ಇಳಿಸಿ, "ಮೊದಲ ಗೊನೆಯದ್ದು. ಎಲ್ಲಿ ಇಡಬೇಕು?" ಎಂದು ಕೇಳಿದರು.

"ವಸ್ತು ಎಲ್ಲ ತೆಗೆದುಕೊಳ್ಳುವುದಿಲ್ಲ ಆಂಟಿ. ಸ್ಕ್ಯಾನ್ ಮಾಡಿ."

"ವಸ್ತು ಅಲ್ಲ ಮಗಾ, ಕಾಣಿಕೆ. ಏಲಂ ಎಷ್ಟು ಗಂಟೆಗೆ?"

ಅವಳು ಪಕ್ಕದವಳ ಮುಖ ನೋಡಿದಳು. ಇಬ್ಬರೂ ನಕ್ಕರು. "ಇಲ್ಲಿ ಏಲಂ ಗೀಲಂ ಇಲ್ಲ ಆಂಟಿ. ನೀವು ಇದನ್ನು ಅಂಗಡಿಗೆ ಮಾರಿ ದುಡ್ಡು ಹಾಕಿ, ಆಯ್ತಾ?"

ನಾನು ಇಷ್ಟು ದಿನ ಆಡಿದ ಜಗಳ ಮಾಡದ ಕೆಲಸವನ್ನು ಆ ನಗು ಮಾಡಿತು. ದೊಡ್ಡಮ್ಮ ಚೀಲವನ್ನು ಎತ್ತಿಕೊಂಡು ಒಳಗೆ ಹೋಗಿ, ಅದನ್ನು ಕಾಲುಗಳ ನಡುವೆ ಇಟ್ಟುಕೊಂಡು ಕುಳಿತರು. ನನಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ.

ವೇದಿಕೆಯಲ್ಲಿ ಬೋಧಕ ಸುವಾರ್ತಾ ವಾಹನಕ್ಕೆ ಬಿತ್ತನೆ ಕೇಳುತ್ತಿದ್ದ. ಹಿಂದಿನ ವರ್ಷವೂ ಅದೇ ವಾಹನಕ್ಕೆ ಕೇಳಿದ್ದ. ದೊಡ್ಡ ಮೊತ್ತ ಕೊಟ್ಟವರ ಹೆಸರು ಓದುವ ಹೊತ್ತು ಬಂದಾಗ ಕಿಸೆಯಿಂದ ಕನ್ನಡಕ ತೆಗೆದು ಹಾಕಿಕೊಂಡ. ಟೀವಿಯಲ್ಲಿ ಅವನಿಗೆ ಕನ್ನಡಕ ಇದ್ದದ್ದೇ ಇಲ್ಲ.

ನಾನು ದೊಡ್ಡಮ್ಮನ ಕಿವಿಯಲ್ಲಿ, "ನೋಡಿ, ಎಣ್ಣೆ ಅವನ ಕಣ್ಣಿಗೇ ಸಾಲಲಿಲ್ಲ" ಎಂದೆ.

"ಅಷ್ಟು ದೂರ ನನಗೆ ಕಾಣುವುದಿಲ್ಲ ಮಾರಾಯ್ತಿ."

"ವೇದಿಕೆ ಬೇಡ, ಪರದೆ ನೋಡಿ. ಇಲ್ಲಿ, ನಿಮ್ಮ ಎಡಕ್ಕೇ ಉಂಟಲ್ಲ."

ಮನೆಯಷ್ಟು ದೊಡ್ಡ ಪರದೆ ಅದು. ದೊಡ್ಡಮ್ಮ ಕುತ್ತಿಗೆಯನ್ನು ಪೂರ್ತಿ ತಿರುಗಿಸಿದ ಮೇಲೆ, "ಓ, ಇಲ್ಲೊಂದು ಉಂಟಾ?" ಎಂದರು.

"ದೊಡ್ಡಮ್ಮ, ಮದ್ದು ಹಾಕುತ್ತಾ ಇದ್ದೀರಿ ಅಲ್ವಾ?"

ಅವರು ಚೀಲದ ಬಾಯಿಯನ್ನು ಗಂಟು ಹಾಕಿ ಬಿಚ್ಚಿದರು, ಮತ್ತೆ ಗಂಟು ಹಾಕಿದರು. "ಎರಡಕ್ಕೂ ದುಡ್ಡು ಎಲ್ಲಿಂದ ತರುವುದು? ಇದು ಬಿತ್ತನೆ, ಅದು ಬರೀ ನೀರಿನ ಹಾಗೆ. ಹಾಕಿದರೂ ಒಂದೇ, ಬಿಟ್ಟರೂ ಒಂದೇ ಇತ್ತು."

ನಾನು ಅವರನ್ನು ಅಲ್ಲಿಂದ ಎಬ್ಬಿಸಿದೆ, ಬೈಯಲಿಲ್ಲ. ಮರುದಿನ ಮಣಿಪಾಲದಲ್ಲಿ ಡಾಕ್ಟರು ಬಹಳ ಹೊತ್ತು ಪರೀಕ್ಷಿಸಿದರು. ಎಡಗಣ್ಣು ಹೆಚ್ಚುಕಡಿಮೆ ಹೋಗಿದೆ, ಬಲಗಣ್ಣನ್ನು ಮದ್ದಿನಿಂದ ಉಳಿಸಿಕೊಳ್ಳಬಹುದು ಎಂದರು. ದೊಡ್ಡಮ್ಮ ಕೇಳಿದ್ದು ಒಂದೇ ಪ್ರಶ್ನೆ: "ಸೂಜಿಗೆ ನೂಲು ಪೋಣಿಸಲು ಆಗುತ್ತದಾ?" ಹೊರಗೆ ಬಂದು ಕಾರಿಡಾರಿನಲ್ಲಿ ನಾನು ಆ ತುದಿಯಿಂದ ಈ ತುದಿಗೆ ನಡೆದೆ. ಯಾರ ಕೊರಳಪಟ್ಟಿ ಹಿಡಿಯಲಿ? ದೊಡ್ಡಮ್ಮ ತಾವಾಗಿ ಕೊಟ್ಟದ್ದು. ಅವನು ಮದ್ದು ಬಿಡಿ ಎಂದು ಎಲ್ಲೂ ಹೇಳಿರಲಿಲ್ಲ, ಇಲ್ಲದಿದ್ದರೂ ಕೊಡಿ ಎಂದಿದ್ದ ಅಷ್ಟೆ.

ಬೆಳೆಹಬ್ಬಕ್ಕೆ ಅದೇ ಕಾಯಿಗಳು ಅದೇ ಚೀಲದಲ್ಲಿ ಹೋದವು. ಏಲಂ ಕೂಗುವವರು, "ನಮ್ಮ ಟೈಲರ್ ಅಕ್ಕನ ಅಂಗಳದ ಮೊದಲ ಗೊನೆ" ಎಂದು ಮೇಲೆತ್ತಿ ತೋರಿಸಿದಾಗ ದೊಡ್ಡಮ್ಮ ಸೆರಗು ಸರಿಮಾಡಿಕೊಂಡರು. ನಾನು ಅವರ ಎಡಪಕ್ಕದಲ್ಲೇ, ಭುಜಕ್ಕೆ ಭುಜ ತಾಗುವಷ್ಟು ಹತ್ತಿರ ನಿಂತಿದ್ದೆ. ಒಬ್ಬರು ಏರಿಸಿದರು, ನಾನು ಸುಮ್ಮನೆ ಕೈ ಎತ್ತಿದೆ. ಅವರು ಮತ್ತೆ ಏರಿಸಿದರು, ನಾನು ಮತ್ತೆ ಎತ್ತಿದೆ. ಜನ ನಗುತ್ತಿದ್ದರು.

ದೊಡ್ಡಮ್ಮ ಬಲಗಡೆಯ ಜನರನ್ನೆಲ್ಲ ಹುಡುಕುತ್ತಾ, "ಯಾರಪ್ಪಾ ಅದು, ನಾಲ್ಕು ಕಾಯಿಗೆ ಇಷ್ಟು ಏರಿಸುವುದು? ತಲೆ ಸರಿ ಇಲ್ವಾ?" ಎಂದರು. ಅವರ ಮುಖದಲ್ಲಿ ಎಷ್ಟೋ ದಿನಗಳ ಮೇಲೆ ಹಿಗ್ಗು ಇತ್ತು.

"ನಾನೇ ದೊಡ್ಡಮ್ಮ."

ದನಿ ಬಂದ ಕಡೆಗೆ ಮೈಯನ್ನೇ ತಿರುಗಿಸಿ, ನನ್ನ ಎತ್ತಿದ ಕೈಯನ್ನು ತಡವಿ ಹಿಡಿದು ಕೆಳಗಿಳಿಸಿದರು. "ನೀನು ಇಲ್ಲೇ ಇದ್ದದ್ದಾ?" ಎಂದರು.